ಮುಖ್ಯೋಪಾಧ್ಯಾಯರಿಗೆ ನೆರವಾಗಲು ಹೋದವರು ಅವರ ಹೊತ್ತನ್ನೇ ತಿನ್ನದಿರಲು ಏನು ಮಾಡಬೇಕು?

ಪ್ರಶ್ನೆ: ಶೈಕ್ಷಣಿಕ ವಿಭಾಗ, ಮುಂಬಯಿ

ನಮಸ್ಕಾರ. ಮುಂಬಯಿ ಮತ್ತು ಠಾಣೆ ಜಿಲ್ಲೆಯಲ್ಲಿ ನಾಲ್ಕು ಕನ್ನಡ ಮಾಧ್ಯಮ ಶಾಲೆ ನಡೆಸುವ ಸಂಸ್ಥೆಯ ಕಚೇರಿಯಲ್ಲಿ ನಾವು ಮೂವರಿದ್ದೇವೆ. ನಾಲ್ಕೂ ಶಾಲೆಯ ಮುಖ್ಯೋಪಾಧ್ಯಾಯರ ಬೆನ್ನಿಗೆ ನಿಲ್ಲುವುದು ನಮ್ಮ ಕೆಲಸ. ವರ್ಷದ ಕೊನೆಗೆ ನಮ್ಮ ಭೇಟಿಯ ಟಿಪ್ಪಣಿಗಳನ್ನು ಮೂವರೂ ಕೂತು ಓದಿದೆವು. ಎರಡು ಗಂಟೆಯ ಭೇಟಿಯಲ್ಲಿ ಒಂದೂವರೆ ಗಂಟೆ ಫೈಲು, ಅನುದಾನ, ಪೋರ್ಟಲ್ಲುಗಳಿಗೇ ಹೋಗಿದೆ. ತರಗತಿಯಲ್ಲಿ ಕೂತದ್ದು ಬೆರಳೆಣಿಕೆಯಷ್ಟು. ನಾವು ಬರುತ್ತೇವೆಂದು ಅವರು ತಮ್ಮ ಪಾಠವನ್ನು ಬೇರೆಯವರಿಗೆ ಒಪ್ಪಿಸಿ ನಮ್ಮೆದುರು ಕೂರುತ್ತಾರೆ. ಇದರಿಂದ ಅವರ ಹೊರೆ ಇಳಿಯಲಿಲ್ಲ, ಏರಿತು.

ಜೂನ್‌ನಲ್ಲಿ ಒಂದು ಅನುದಾನಿತ ಪ್ರೌಢಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ ಬರುತ್ತಿದ್ದಾರೆ. ಅದೇ ಶಾಲೆಯಲ್ಲಿ ಗಣಿತ ಕಲಿಸಿದ ಒಳ್ಳೆಯ ಶಿಕ್ಷಕಿ, ಆಡಳಿತ ಮಾತ್ರ ಹೊಸದು. ಅನುಭವಿಗಳನ್ನು ಕೇಳಬೇಕಾದ್ದು ಮೂರು. ಭೇಟಿಯ ಹೊತ್ತನ್ನು ತರಗತಿಯ ಕಡೆ ತಿರುಗಿಸುವುದು ಹೇಗೆ? ಹೊಸಬರಿಗೆ ಮೊದಲ ಮೂರು ತಿಂಗಳು ಏನೇನು ಕೊಡಬೇಕು? ನಮ್ಮ ಟಿಪ್ಪಣಿಗಳನ್ನು ಆಡಳಿತ ಮಂಡಳಿ ಕೇಳುತ್ತಿದೆ, ಕೊಡಬೇಕೇ?

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ, ಡೊಂಬಿವಲಿ

ಮೇಡಂ, ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಜೂನ್ ದೂರವಿಲ್ಲ.

ಅನುದಾನಿತ ಶಾಲೆಯಲ್ಲಿ ಮೊದಲ ಗಂಟು ಬೀಳುವುದು ಸಹಿಯಲ್ಲಿ. ಹೊಸ ಮುಖ್ಯಸ್ಥರ ನೇಮಕಕ್ಕೆ ಮುಂಬಯಿಯಲ್ಲಿ ಶಿಕ್ಷಣ ನಿರೀಕ್ಷಕರು, ಠಾಣೆಯಲ್ಲಿ ಜಿಲ್ಲಾ ಪರಿಷತ್ತಿನ ಮಾಧ್ಯಮಿಕ ಶಿಕ್ಷಣಾಧಿಕಾರಿ ಮಾನ್ಯತೆ ಕೊಡಬೇಕು. ಅದು ತಡವಾದರೆ ಸಹಿಯ ಅಧಿಕಾರವನ್ನಾದರೂ ಬರಹದಲ್ಲಿ ಪಡೆಯಬೇಕು. ಎರಡೂ ಇಲ್ಲದಿದ್ದರೆ ಸರ್ಕಾರದ ವೇತನ ಪೋರ್ಟಲ್ಲಾದ ಶಾಲಾರ್ಥ್‌ನಲ್ಲಿ ವೇತನದ ಬಿಲ್ಲು ಮುಂದಕ್ಕೆ ಹೋಗುವುದಿಲ್ಲ. ಕುರ್ಚಿಯಲ್ಲಿ ಕೂತ ಮೊದಲ ತಿಂಗಳೇ ಇಡೀ ಸಿಬ್ಬಂದಿಯ ಸಂಬಳ ನಿಂತರೆ, ಆ ತಪ್ಪು ಅವರದ್ದಲ್ಲದಿದ್ದರೂ ಹೆಸರು ಅವರಿಗೇ ಅಂಟುತ್ತದೆ. ಹಿಂದಿನವರು 58 ವರ್ಷ ತುಂಬಿ ನಿವೃತ್ತರಾಗುವ ದಿನ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಪ್ರಸ್ತಾವನೆಯನ್ನು ಎರಡು-ಮೂರು ತಿಂಗಳು ಮೊದಲೇ ಸಿದ್ಧಪಡಿಸುವುದು ನಿಮ್ಮ ಕಚೇರಿಯ ಕೆಲಸ. ಅದನ್ನು ಅವರ ತಲೆಗೆ ಕಟ್ಟಬೇಡಿ.

ಇನ್ನು ಅಧಿಕಾರ ಹಸ್ತಾಂತರ. ಮಕ್ಕಳ ದಾಖಲಾತಿ ಬರೆಯುವ ಜನರಲ್ ರಿಜಿಸ್ಟರ್‌ನ ಕೊನೆಯ ಕ್ರಮಸಂಖ್ಯೆ, ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ಪುಸ್ತಕದಲ್ಲಿ ಬಳಸಿದ ಮತ್ತು ಉಳಿದ ಹಾಳೆಗಳ ನಂಬರು, ಕ್ಯಾಶ್‌ಬುಕ್‌ನ ಶಿಲ್ಕು, ಸಿಬ್ಬಂದಿಯ ಸೇವಾ ಪುಸ್ತಕಗಳು, ಮೇಜು-ಕುರ್ಚಿಯಂಥ ಆಸ್ತಿಯ ಡೆಡ್‌ಸ್ಟಾಕ್ ರಿಜಿಸ್ಟರ್, ಕಪಾಟಿನ ಬೀಗದ ಕೈ, ಇವೆಲ್ಲ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಮೊಬೈಲ್ ನಂಬರು. ಶಾಲೆ-ಮಕ್ಕಳ ಮಾಹಿತಿ ತುಂಬುವ ಯುಡೈಸ್ ಪ್ಲಸ್ ಮತ್ತು ಸರಲ್ ಪೋರ್ಟಲ್ಲುಗಳು, ಶಾಲಾರ್ಥ್, ಬೋರ್ಡಿನ ತಾಣ, ಬ್ಯಾಂಕು, ಎಲ್ಲೆಡೆ ಹಳೆಯ ಹೆಡ್‌ಮಾಸ್ತರರ ಸ್ವಂತ ನಂಬರೇ ಇರುತ್ತದೆ. ಅವರು ನಿವೃತ್ತರಾಗಿ ಊರಿಗೆ ಹೋಗಿ ತೋಟಕ್ಕೆ ನೀರು ಬಿಡುತ್ತಿರುವಾಗ ಒಟಿಪಿ ಅವರ ಜೇಬಿನಲ್ಲಿ ಬಂದು ಬೀಳುತ್ತದೆ. ಅಲ್ಲಿ ನೆಟ್‌ವರ್ಕ್ ಸಿಕ್ಕಿ ಅವರು ಫೋನ್ ಎತ್ತುವಷ್ಟರಲ್ಲಿ ಇಲ್ಲಿ ಅದರ ಅವಧಿ ಮುಗಿದಿರುತ್ತದೆ. ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್ ತೆಗೆದು ಸಾದಾ ಹ್ಯಾಂಡ್‌ಸೆಟ್‌ಗೆ ಹಾಕಿ ಶಾಲೆಯ ಕಚೇರಿಯಲ್ಲಿಡಿ. ಹಳಬರು ಇನ್ನೂ ಸೇವೆಯಲ್ಲಿರುವಾಗಲೇ ಒಂದೊಂದಾಗಿ ಎಲ್ಲ ಲಾಗಿನ್‌ಗಳ ನಂಬರು ಬದಲಿಸಿ. ಅವರು ಹೋದ ಮೇಲೆ ಪ್ರತಿಯೊಂದಕ್ಕೂ ಬೇರೆ ಬೇರೆ ಅರ್ಜಿ ಬರೆಯಬೇಕಾಗುತ್ತದೆ. ಬ್ಯಾಂಕಿಗೆ ಹೊಸ ಸಹಿದಾರರ ಠರಾವಿನ ಪ್ರತಿಯೂ ಬೇಕು. ಮಂಡಳಿಯ ಸಭೆ ಮೇ ತಿಂಗಳಲ್ಲೇ ಆಗುವಂತೆ ನೋಡಿಕೊಳ್ಳಿ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಮಹಾರಾಷ್ಟ್ರದ ಖಾಸಗಿ ಶಾಲಾ ನೌಕರರ 1977ರ ಕಾಯ್ದೆಯ 3(2)ನೇ ಕಲಮಿನಂತೆ ಅಲ್ಪಸಂಖ್ಯಾತ ಶಾಲೆಯ ಮುಖ್ಯಸ್ಥರ ನೇಮಕಾತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಭಾಷಾ ಅಲ್ಪಸಂಖ್ಯಾತ ಎಂಬ ಪ್ರಮಾಣಪತ್ರವಿರುವ ನಮ್ಮ ಕನ್ನಡ ಶಾಲೆಗಳು ಹಿರಿತನದ ಪಟ್ಟಿಯಲ್ಲಿ ಕೆಳಗಿರುವವರನ್ನೂ ಆರಿಸಬಹುದು. ನಿಮ್ಮಲ್ಲಿ ಹಾಗೇ ಆಗಿದ್ದರೆ, ಆದೇಶ ಹೊರಬೀಳುವ ಮೊದಲು ಆ ಹಿರಿಯ ಶಿಕ್ಷಕರನ್ನು ಮಂಡಳಿಯವರೇ ಕರೆದು ಮಾತಾಡಬೇಕು. ಸೂಚನಾ ಫಲಕ ನೋಡಿ ತಿಳಿದುಕೊಂಡವರು ಮುಂದೆ ಸಿಬ್ಬಂದಿ ಸಭೆಯಲ್ಲಿ ಬಾಯಿ ಬಿಡುವುದಿಲ್ಲ.

ಚೌತಿಯವರೆಗೆ ವೇಳಾಪಟ್ಟಿಗೆ ಕೈ ಹಾಕಬೇಡಿ ಎಂದು ಹೊಸಬರಿಗೆ ಹೇಳಿ. ಬದ್ಲಾಪುರದಿಂದಲೋ ವಿರಾರ್‌ನಿಂದಲೋ ಬರುವವರಿಗೆ ಮೊದಲ ಪೀರಿಯಡ್ ಬಿದ್ದರೆ ಮಳೆಗಾಲದಲ್ಲಿ ಆ ತರಗತಿ ವಾರಕ್ಕೆರಡು ದಿನ ಮಾಸ್ತರರಿಲ್ಲದೆ ಕೂರುತ್ತದೆ. ಯಾರ ರೈಲು ಎಷ್ಟಕ್ಕೆ ಎಂಬುದು ಗೊತ್ತಾಗಲು ಒಂದು ಮಳೆಗಾಲ ಬೇಕು. ಗಣಿತದವರಲ್ಲವೇ, ಒಂದು ತರಗತಿಯನ್ನು ಅವರು ಬಿಡದಿರಲಿ. ಆದರೆ ಹತ್ತನೆಯದು ಬೇಡ. ಕಚೇರಿಯ ಕರೆ ಬಂದಾಗಲೆಲ್ಲ ಪಾಠ ತಪ್ಪಿದರೆ ಮಕ್ಕಳಿಗೂ ಅನ್ಯಾಯ, ಪೋಷಕರ ದೂರೂ ಬರುತ್ತದೆ. ಎಂಟನೆಯ ತರಗತಿಯ ಮೊದಲ ಪೀರಿಯಡ್ ಸರಿಹೋಗುತ್ತದೆ, ಆಗಿನ್ನೂ ಫೋನ್ ಶುರುವಾಗಿರುವುದಿಲ್ಲ.

ಉತ್ತರ 2: ತರಗತಿ ವೀಕ್ಷಣೆಯ ತರಬೇತುದಾರ, ಪುಣೆ

ನೋಡ್ರಿ, ಡೊಂಬಿವಲಿ ಸರ್ ಹೇಳಿದ್ದೆಲ್ಲ ಸರಿ ಅದ. ನಾನು ಮೊದಲನೆಯ ಪ್ರಶ್ನೆಗೆ ಬರ್ತೀನಿ.

ಭೇಟಿಯ ಕ್ರಮವನ್ನು ತಿರುವುಮುರುವು ಮಾಡಿ. ಶಾಲೆಗೆ ಕಾಲಿಟ್ಟ ಕೂಡಲೆ ಕಚೇರಿಯಲ್ಲಿ ಕೂರಬೇಡಿ. ಚಹಾ ಬಂತೆಂದರೆ ಫೈಲು ಬಂತೆಂದೇ ಲೆಕ್ಕ. ಮುಖ್ಯೋಪಾಧ್ಯಾಯರ ಜೊತೆ ನೇರ ತರಗತಿಗೆ ಹೋಗಿ, 35 ನಿಮಿಷದ ಪೀರಿಯಡ್ ಪೂರ್ತಿ ಹಿಂದಿನ ಬೆಂಚಿನಲ್ಲಿ ಕೂತಿರಿ. ನಡುವೆ ಎದ್ದು ಹೋದರೆ ಶಿಕ್ಷಕರು ಅದನ್ನು ತಪಾಸಣೆ ಎಂದೇ ತಿಳಿಯುತ್ತಾರೆ. ಆಮೇಲೆ 20 ನಿಮಿಷ ನೀವಿಬ್ಬರೇ ಮಾತಾಡಿ. ಕಾಗದಪತ್ರಕ್ಕೆ ಕೊನೆಯ ಅರ್ಧ ಗಂಟೆ ಸಾಕು.

ಅಂಕ ಕೊಡುವ ನಮೂನೆ ಒಯ್ಯಬೇಡಿ. ಅರ್ಧ ಹಾಳೆ, ಒಂದು ಪೆನ್ಸಿಲ್ ಸಾಕು. ಹಾಳೆಯ ಮೇಲೆ ಬೆಂಚುಗಳ ನಕ್ಷೆ ಬರೆದು, ಪ್ರತಿ ಮಗುವಿಗೆ ಒಂದು ಚೌಕ ಹಾಕಿ. ಮಗು ಉತ್ತರ ಹೇಳಿದರೆ ಚೌಕದಲ್ಲಿ ಒಂದು ಗೆರೆ. ಹಲಗೆಯ ಬಳಿಗೆ ಬಂದರೆ ಸುತ್ತು. ತಾನಾಗಿ ಪ್ರಶ್ನೆ ಕೇಳಿದರೆ ನಕ್ಷತ್ರ. ಎಲ್ಲರೂ ಒಟ್ಟಿಗೆ ಕೂಗಿದ ಉತ್ತರಕ್ಕೆ ಗೆರೆಯಿಲ್ಲ, ಅಂಚಿನಲ್ಲಿ ಲೆಕ್ಕ ಮಾತ್ರ. ನಾಲ್ಕನೆಯ ತರಗತಿಯಲ್ಲಿ 203ರಿಂದ 68 ಕಳೆಯುವ ಲೆಕ್ಕ ನಡೆದಿದೆ ಎನ್ನಿ. ‘ದಶಕದ ಮನೆಯಲ್ಲಿ ಏನಿದೆ?’ ಎಂದರೆ ‘ಸೊನ್ನೆ!’ ಎಂದು ಇಡೀ ತರಗತಿ ಕೂಗುತ್ತದೆ, ಕೇಳಲು ಚೆನ್ನಾಗಿರುತ್ತದೆ. ನಕ್ಷೆ ನೋಡಿದರೆ ಗೆರೆಗಳೆಲ್ಲ ಮುಂದಿನ ಎರಡು ಬೆಂಚಿನಲ್ಲಿ, ಕಿಟಕಿ ಕಡೆಯ ಸಾಲು ಪೂರ್ತಿ ಖಾಲಿ. ಆ ಸಾಲಿನ ಒಂದು ಮಗುವಿನ ಪಾಟಿ ನೋಡಿ, 265 ಎಂದು ಬರೆದಿರುತ್ತದೆ. 3ರಿಂದ 8 ಹೋಗದು ಎಂದು 8ರಿಂದ 3 ಕಳೆದಿದೆ, ಸೊನ್ನೆಯಿಂದ 6 ಹೋಗದು ಎಂದು 6 ಇಳಿಸಿದೆ. ನೂರನ್ನು ಒಡೆದು ಹತ್ತು ದಶಕ, ಅದರಲ್ಲೊಂದನ್ನು ಒಡೆದು ಹತ್ತು ಬಿಡಿ ಎಂಬ ಎರಡು ಹೆಜ್ಜೆ ಆ ಮಗುವಿಗೆ ತಲುಪಿಲ್ಲ. ಕೂಗಿನಲ್ಲಿ ಇದು ಕೇಳಿಸುವುದಿಲ್ಲ.

ಹೊರಗೆ ಬಂದ ಮೇಲೆ ನಕ್ಷೆ ತೋರಿಸುವ ಮೊದಲು ಮುಖ್ಯೋಪಾಧ್ಯಾಯರನ್ನೇ ಕೇಳಿ, ‘ಮೇಡಂ, ಯಾವ ಸಾಲು ಮಾತಾಡಿತು ಅನ್ನಿಸಿತು?’ ಅವರ ಅಂದಾಜು ಮತ್ತು ನಕ್ಷೆ ತಾಳೆಯಾಗದ ಜಾಗದಲ್ಲೇ ಮಾತು ಹುಟ್ಟುತ್ತದೆ. ಶಿಕ್ಷಕರೊಡನೆ ಮಾತಾಡುವವರು ಮುಖ್ಯೋಪಾಧ್ಯಾಯರೇ ಆಗಿರಲಿ. ನೀವು ಬದಿಗೆ ಕೂತರೆ ಸಾಕು. ಅದೇ ದಿನ, 15 ನಿಮಿಷ, ಒಂದೇ ಬದಲಾವಣೆ. ಐದು ಸಲಹೆ ಕೊಟ್ಟರೆ ಐದೂ ಗಾಳಿಗೆ. ಹತ್ತು ದಿನದೊಳಗೆ ಮುಖ್ಯೋಪಾಧ್ಯಾಯರು ಒಬ್ಬರೇ ಹೋಗಿ ಆ ಒಂದನ್ನೇ ನೋಡಿ ಬರಬೇಕು. ಈ ಎರಡನೆಯ ಸುತ್ತು ತಪ್ಪಿದರೆ ಮೊದಲನೆಯದು ಬರೀ ಶಿಷ್ಟಾಚಾರ.

ಪುಣೆಯ ಕಡೆ ಇನ್ನೊಂದು ಅದ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ವರ್ಷದ ನಡುವೆ ಸೇರುತ್ತಾರೆ, ನಡುವೆಯೇ ಹೋಗುತ್ತಾರೆ. ಹಳೆಯ ಶಾಲೆಯ ವರ್ಗಾವಣೆ ಪತ್ರ ಬಂದಿಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಪತ್ರ ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮಕ್ಕೂ ಅದರಲ್ಲಿ ಅವಕಾಶವಿದೆ. ಹೊಸಬರಿಗೆ ಈ ಕಲಮಿನ ಪ್ರತಿಯನ್ನು ಮೊದಲ ವಾರವೇ ಕೊಟ್ಟುಬಿಡಿ.

ಉತ್ತರ 3: ಶಾಲಾ ಕಚೇರಿ ಲೆಕ್ಕ ವಿಭಾಗ, ವಸಾಯಿ

ತರಗತಿಗೆ ಹೋಗಿ ಎಂದರೆ ಸಾಲದು, ಹೋಗಲು ಬಿಡುವು ಎಲ್ಲಿಂದ ಬರಬೇಕು? ‘ಇಂದು ಸಂಜೆ 5ರೊಳಗೆ’ ಎಂದು ಮಧ್ಯಾಹ್ನ ಶಿಕ್ಷಣ ಇಲಾಖೆಯಿಂದ ಮರಾಠಿಯಲ್ಲಿ ವಾಟ್ಸಾಪ್ ಸಂದೇಶ ಬರುತ್ತದೆ. ಕೇಳುವುದು ಬಹುಪಾಲು ಅದದೇ ಮಾಹಿತಿ, ನಮೂನೆ ಮಾತ್ರ ಬೇರೆ. ಆದ್ದರಿಂದ ಒಂದೇ ಎಕ್ಸೆಲ್ ಹಾಳೆ ಮಾಡಿ. ಜನರಲ್ ರಿಜಿಸ್ಟರ್ ನಂಬರು, ಸರಲ್‌ನ ವಿದ್ಯಾರ್ಥಿ ಐಡಿ, ಆಧಾರ್‌ನಲ್ಲಿರುವಂತೆ ಹೆಸರು, ರಿಜಿಸ್ಟರ್‌ನಲ್ಲಿರುವಂತೆ ಹೆಸರು, ಜನ್ಮದಿನಾಂಕ, ವರ್ಗ, ಬ್ಯಾಂಕ್ ಖಾತೆ, ಪೋಷಕರ ಫೋನ್. ಎರಡು ಹೆಸರಿನ ಕಾಲಂ ಬೇರೆ ಬೇರೆ ಇರಲೇಬೇಕು. ನಮ್ಮ ಮಕ್ಕಳ ಹೆಸರು ಕನ್ನಡದಿಂದ ಮರಾಠಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಮಲ್ಲಿಕಾರ್ಜುನ ಮೂರು ತರಹ ಆಗುತ್ತಾನೆ. ತಂದೆಯ ಹೆಸರು, ಅಡ್ಡಹೆಸರು ಅದಲುಬದಲಾಗುತ್ತವೆ. ಆಧಾರ್ ತಾಳೆಯಾಗದ ಮಗು ಸಂಚ್ ಮಾನ್ಯತೆಯ (ಮಕ್ಕಳ ಸಂಖ್ಯೆ ನೋಡಿ ಶಿಕ್ಷಕರ ಹುದ್ದೆ ಮಂಜೂರು ಮಾಡುವ) ಲೆಕ್ಕದಿಂದ ಜಾರುತ್ತದೆ. ಮಕ್ಕಳೇ ಕಡಿಮೆ ಇರುವ ಕನ್ನಡ ಶಾಲೆಯಲ್ಲಿ ಹಾಗೆ ನಾಲ್ಕೈದು ಹೆಸರು ಜಾರಿದರೆ ಒಬ್ಬ ಶಿಕ್ಷಕರ ಹುದ್ದೆಯೇ ಹೋಗಬಹುದು. ಈ ತಾಳೆಯನ್ನು ಜುಲೈ ಕೊನೆಯೊಳಗೆ ಮುಗಿಸಿ. ಸೆಪ್ಟೆಂಬರ್‌ಗೆ ಬಿಟ್ಟರೆ ಆಧಾರ್ ಕೇಂದ್ರದ ಸರದಿಯಲ್ಲಿ ಪೋಷಕರು ದಿನಗೂಲಿ ಕಳೆದುಕೊಂಡು ನಿಲ್ಲಬೇಕಾಗುತ್ತದೆ.

ನಿಮ್ಮ ಮೂವರಲ್ಲಿ ಒಬ್ಬರು ಮರಾಠಿ ಪತ್ರವ್ಯವಹಾರಕ್ಕೇ ಇರಲಿ. ನಾಲ್ಕು ಶಾಲೆಗೂ ಬಂದ ಆದೇಶಗಳನ್ನು ಓದಿ, ‘ಇದು ಇಂಥ ದಿನ, ಇಷ್ಟೇ ಬೇಕು’ ಎಂದು ಎರಡು ಸಾಲು ಕನ್ನಡದಲ್ಲಿ ಬರೆದು ಕಳಿಸಿ. ಆಗ ಮುಖ್ಯೋಪಾಧ್ಯಾಯರಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಉಳಿಯುತ್ತದೆ.

ಉತ್ತರ 4: ರಾತ್ರಿಶಾಲೆ ಹಿತೈಷಿ, ಫೋರ್ಟ್

ರಾತ್ರಿಶಾಲೆಗಳಿದ್ದರೆ ಅಲ್ಲಿನ ಮುಖ್ಯೋಪಾಧ್ಯಾಯರನ್ನು ಬೆಳಿಗ್ಗೆ 11ರ ಸಭೆಗೆ ಕರೆಯಬೇಡಿ. ಸಂಜೆ ಪ್ರಾರ್ಥನೆಯ ಹೊತ್ತಿಗೆ ನೀವೇ ಹೋಗಿ. ಹೋಟೆಲ್ ಕೆಲಸ ಮುಗಿಸಿ ಬರುವ ಹುಡುಗರು ಎಷ್ಟು ಹೊತ್ತಿಗೆ ಬಂದು ಕೂರುತ್ತಾರೆಂದು ಕಣ್ಣಾರೆ ನೋಡದೆ ಅಲ್ಲಿನ ವೇಳಾಪಟ್ಟಿಯ ಬಗ್ಗೆ ಮಾತಾಡಲಾಗದು.

ಉತ್ತರ 5: ಸಂಸ್ಥೆಯೊಂದರ ಮಾಜಿ ಕಾರ್ಯದರ್ಶಿ, ಮಾಟುಂಗಾ

ಟಿಪ್ಪಣಿಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ದುಡ್ಡು ಕೊಡುವ ಮಂಡಳಿಗೆ ಶಾಲೆಯ ಸ್ಥಿತಿ ತಿಳಿಯಲೇಬೇಕು, ಏನನ್ನೂ ಕೊಡೆವು ಎನ್ನುವುದು ಸರಿಯಲ್ಲ. ಹಾಗೆಂದು ಮಾತುಕತೆಯ ಟಿಪ್ಪಣಿ ಮಂಡಳಿಯ ಮೇಜಿಗೆ ಹೋಯಿತೆಂದರೆ, ಮುಂದಿನ ಭೇಟಿಯಲ್ಲಿ ಮುಖ್ಯೋಪಾಧ್ಯಾಯರು ‘ಎಲ್ಲ ಚೆನ್ನಾಗಿದೆ’ ಎಂಬ ಒಂದೇ ಮಾತು ಹೇಳುತ್ತಾರೆ. ಭೇಟಿಗೆ ಎರಡು ಹಾಳೆ ಇಡಿ. ಮೊದಲನೆಯದರಲ್ಲಿ ಸೋರುವ ಸೂರು, ಖಾಲಿ ಹುದ್ದೆ, ಕೆಟ್ಟ ಶೌಚಾಲಯದ ಬಾಗಿಲು, ಬೇಕಾದ ಮೊತ್ತ. ಇದನ್ನು ಮುಖ್ಯೋಪಾಧ್ಯಾಯರು ಓದಿ ಸಹಿ ಹಾಕಿದ ಮೇಲೆ ಮಂಡಳಿಗೆ ಕಳಿಸಿ. ಎರಡನೆಯದರಲ್ಲಿ ತರಗತಿ ನಕ್ಷೆ, ಮಾತಾಡಿದ್ದು, ಮುಂದಿನ ಹೆಜ್ಜೆ. ಇದರ ಮೂಲಪ್ರತಿ ಅವರ ಕಡತದಲ್ಲೇ ಉಳಿಯಲಿ, ನೀವು ಒಯ್ಯಬೇಡಿ. ಈ ವ್ಯವಸ್ಥೆಯನ್ನು ಜೂನ್‌ಗೆ ಮೊದಲೇ ಠರಾವು ಮಾಡಿಸಿ. ಬಾಯಿಮಾತು ಅಧ್ಯಕ್ಷರು ಬದಲಾದಾಗ ನಿಲ್ಲುವುದಿಲ್ಲ.

ಇದಕ್ಕೊಂದು ಅಪವಾದವಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಯಾವ ಗೋಪ್ಯತೆಯೂ ಇಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ 21ನೇ ಕಲಮಿನಂತೆ ಅಪರಾಧ. ‘ಮೊದಲು ಮಂಡಳಿಯಲ್ಲಿ ಚರ್ಚಿಸೋಣ’ ಎಂದು ಯಾರು ಹೇಳಿದರೂ ಕಾಯಬೇಡಿ. ಹೊಸ ಮುಖ್ಯೋಪಾಧ್ಯಾಯಿನಿಗೆ ಇದನ್ನು ಮೊದಲ ದಿನವೇ ಬರಹದಲ್ಲಿ ಕೊಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಸಿಮ್‌ನ ವಿಷಯ ನಮಗೆ ಹೊಳೆದೇ ಇರಲಿಲ್ಲ, ಈ ವಾರವೇ ತೆಗೆಸುತ್ತೇವೆ. ಪುಣೆ ಸರ್, ಇನ್ನೊಂದು ಅನುಮಾನ. ಮುಖ್ಯೋಪಾಧ್ಯಾಯರು ಪೀರಿಯಡ್ ಪೂರ್ತಿ ತರಗತಿಯಲ್ಲಿ ಕೂತರೆ ಕಚೇರಿಗೆ ಬಂದ ಪೋಷಕರು, ಫೋನು, ಕೇಂದ್ರಪ್ರಮುಖರ (ಸುತ್ತಲಿನ ಶಾಲೆಗಳ ಮೇಲ್ವಿಚಾರಕರ) ಕರೆ? ಹತ್ತು ನಿಮಿಷಕ್ಕೊಮ್ಮೆ ಸಿಪಾಯಿ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ.

ಉತ್ತರ 2ರವರು, ಪುಣೆ

ಅದಕ್ಕೇ ಇಬ್ಬರು ಹೋಗ್ರಿ. ಒಬ್ಬರು ಮೇಡಂ ಜೊತೆ ತರಗತಿಗೆ, ಇನ್ನೊಬ್ಬರು ಅವರ ಮೇಜಿನ ಬದಿಗೆ. ಅವರ ಕುರ್ಚಿಯಲ್ಲಿ ಮಾತ್ರ ಕೂರಬೇಡಿ. ಬಂದ ಪೋಷಕರಿಗೆ ನೀರು ಕೊಟ್ಟು, ಮಗುವಿನ ಹೆಸರು, ತರಗತಿ, ಕೆಲಸ ಬರೆದುಕೊಳ್ಳಿ. ಬೋನಾಫೈಡ್ (ಮಗು ಇಲ್ಲಿ ಓದುತ್ತಿದೆ ಎಂಬ ಪತ್ರ), ಎಲ್‌ಸಿ ಅರ್ಜಿಯಾದರೆ ಕ್ಲಾರ್ಕ್ ಕೈಯಿಂದ ಭರ್ತಿ ಮಾಡಿಸಿ ಸಹಿಗೆ ಇಡಿ. ಕರೆ ಬಂದರೆ ಯಾರು, ಏನು, ಎಷ್ಟರೊಳಗೆ ಎಂದು ಬರೆಯಿರಿ, ನೀವಾಗಿ ಯಾವ ಮಾತೂ ಕೊಡಬೇಡಿ. ಮಗು ಬಿದ್ದು ಪೆಟ್ಟಾದರೆ ಮಾತ್ರ ತರಗತಿಯ ಬಾಗಿಲು ತಟ್ಟಬೇಕು ಎಂದು ಸಿಪಾಯಿಗೆ ಮೇಡಂ ಅವರೇ ಮೊದಲೇ ಹೇಳಿರಲಿ. ಪೀರಿಯಡ್ ಮುಗಿದು ಅವರು ಬಂದಾಗ ಆ ಚೀಟಿ ಕೈಗೆ ಕೊಡಿ. 35 ನಿಮಿಷದಲ್ಲಿ ನಿಜವಾಗಿಯೂ ತಾವೇ ನೋಡಬೇಕಾದ್ದು ಎಷ್ಟಿತ್ತು ಎಂದು ಅವರೇ ಎಣಿಸುತ್ತಾರೆ. ನೀವು ಹೋಗದ ದಿನವೂ ಆ ಚೀಟಿಯ ಕೆಲಸವನ್ನು ಕ್ಲಾರ್ಕ್ ಮಾಡಬಹುದು, ಅವರಿಗೂ ಆ ದಿನ ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸಿಬಿಡಿ.