ಪ್ರೈಮಾ ಫೇಸಿ ಅಂದ್ರೆ ಕೇಸ್ ಗೆದ್ದ ಹಾಗಾ?

ಪ್ರಶ್ನೆ: ಮೇಡಂ, ಸ್ನೇಹಿತನೊಬ್ಬ ಸಾಲ ತೀರಿಸಲಿಲ್ಲ ಅಂತ ಕೇಸ್ ಹಾಕಿದ್ದೇನೆ. ಅವನು ಸಹಿ ಮಾಡಿಕೊಟ್ಟ ಪತ್ರ ನನ್ನ ಹತ್ತಿರ ಇದೆ. ‘ಪ್ರೈಮಾ ಫೇಸಿ ಕೇಸ್ ಇದೆ’ ಅಂದರು ನಮ್ಮ ವಕೀಲರು. ಗೆದ್ದ ಹಾಗೇ ಅಲ್ವಾ?

ಉತ್ತರ: ಅಷ್ಟು ಬೇಗ ಖುಷಿಪಡಬೇಡಿ! ಲ್ಯಾಟಿನ್‌ನಲ್ಲಿ ‘ಪ್ರೈಮಾ’ ಅಂದರೆ ಮೊದಲ, ‘ಫೇಸಿ’ ಅಂದರೆ ಮುಖ, ನೋಟ. ಕನ್ನಡದ ‘ಮೇಲ್ನೋಟಕ್ಕೆ’ ಅನ್ನೋ ಮಾತೇ ನನಗೆ ಜಾಸ್ತಿ ಇಷ್ಟ. ನ್ಯಾಯಾಧೀಶರು ಇಲ್ಲಿ ನೋಡುವುದು ಇಷ್ಟೇ: ಎದುರಿನವನು ಬಾಯಿ ಬಿಡದೇ ಹೋದರೆ ಇರುವ ಸಾಕ್ಷ್ಯ ಸಾಕಾ? ನಿಮ್ಮ ಪತ್ರದಲ್ಲಿ ಮೊತ್ತ, ತಾರೀಕು, ಸಹಿ ಇದ್ದರೆ ಬಹುಶಃ ಸಾಕು. ಆದರೆ ಅವನು ಬಾಯಿ ಬಿಡುತ್ತಾನಲ್ಲ! ‘ಹಣ ಕೊಟ್ಟಾಗಿದೆ’ ಅಂತ ನಿಮ್ಮದೇ ಸಹಿ ಇರುವ ರಸೀದಿ ಹಾಜರುಪಡಿಸಿದರೆ? ಆಗ ಎರಡೂ ಕಾಗದ ಪಕ್ಕಪಕ್ಕ ಇಟ್ಟು ತೂಗಬೇಕು. ವಿಚಾರಣೆ ಇರುವುದೇ ಅದಕ್ಕೆ.

ಇನ್ನೊಬ್ಬರು: ಹಾಗಾದ್ರೆ ಸುದ್ದಿಯಲ್ಲಿ ‘ಮೇಲ್ನೋಟಕ್ಕೆ ಆರೋಪ ಸಾಬೀತು’ ಅಂತ ಬರುತ್ತಲ್ಲ?

ಉತ್ತರ: ಅದನ್ನು ಓದಿದಾಗಲೆಲ್ಲ ತಲೆ ಚಚ್ಚಿಕೊಳ್ಳುತ್ತೇನೆ. ಮೇಲ್ನೋಟಕ್ಕೆ ಹುರುಳಿದೆ ಅನ್ನಬಹುದು. ಸಾಬೀತಾಗುವುದು ಕೊನೆಗೆ.

ಮತ್ತೊಬ್ಬರು: ಪತ್ರವೂ ಇಲ್ಲ, ನೋಡಿದವರೂ ಇಲ್ಲ ಅಂದ್ರೆ ಮೇಲ್ನೋಟಕ್ಕೂ ಏನೂ ಇಲ್ಲ ಅಂತಲೇ ತಾನೇ?

ಉತ್ತರ: ಯಾವಾಗಲೂ ಹಾಗಲ್ಲ. 1863ರ ಇಂಗ್ಲೆಂಡಿನ ಬರ್ನ್ ವರ್ಸಸ್ ಬೋಡಲ್ ಕೇಸ್ ನೋಡಿ. ಲಿವರ್‌ಪೂಲ್‌ನಲ್ಲಿ ಒಬ್ಬರು ರಸ್ತೆಯಲ್ಲಿ ಹೋಗುತ್ತಿದ್ದಾಗ ಹಿಟ್ಟಿನ ವ್ಯಾಪಾರಿಯ ಮಳಿಗೆಯ ಮೇಲಿನಿಂದ ಹಿಟ್ಟು ತುಂಬಿದ ಪೀಪಾಯಿ ಅವರ ಮೇಲೆ ಬಿತ್ತು. ಯಾರ ತಪ್ಪಿನಿಂದ ಬಿತ್ತು ಅನ್ನೋದಕ್ಕೆ ಸಾಕ್ಷಿ ಇರಲಿಲ್ಲ, ಕೆಳಗಿನ ಕೋರ್ಟಿನಲ್ಲಿ ಕೇಸ್ ಬಿದ್ದೇ ಹೋಯಿತು. ಮೇಲಿನ ಕೋರ್ಟ್ ಒಪ್ಪಲಿಲ್ಲ. ಪೀಪಾಯಿ ಸುಮ್ನೆ ಉರುಳಿ ಬೀಳುವುದಿಲ್ಲ, ಬಿದ್ದದ್ದೇ ಅಜಾಗರೂಕತೆಗೆ ಮೇಲ್ನೋಟದ ಸಾಕ್ಷ್ಯ, ಅಲ್ಲ ಅನ್ನುವುದಾದರೆ ವ್ಯಾಪಾರಿಯೇ ತೋರಿಸಲಿ ಅಂದಿತು. ಇದಕ್ಕೂ ಒಂದು ಲ್ಯಾಟಿನ್ ಹೆಸರಿದೆ: ರೆಸ್ ಇಪ್ಸಾ ಲೋಕ್ವಿಟುರ್. ಸಂಗತಿ ತಾನೇ ಮಾತಾಡುತ್ತದೆ ಅಂತ. ಸಾಲದ ಕೇಸಿಗೆ ಮಾತ್ರ ಇದನ್ನು ಎಳೆದು ತರಬೇಡಿ, ನಡೆಯುವುದಿಲ್ಲ.

ಮೊದಲು ಕೇಳಿದವರು: ಮೇಡಂ, ರಸೀದಿ ನಾನು ಕೊಟ್ಟಿಲ್ಲ. ಆದರೆ ನಡುವೆ ಎರಡು ಸಲ ಸ್ವಲ್ಪ ಹಣ ನನ್ನ ಖಾತೆಗೆ ಹಾಕಿದ್ದ...

ಉತ್ತರ: ಅಯ್ಯೋ, ಇದನ್ನಲ್ವಾ ಮೊದಲು ಹೇಳಬೇಕಿದ್ದದ್ದು! ಇವತ್ತೇ ನಿಮ್ಮ ವಕೀಲರಿಗೆ ತಿಳಿಸಿ. ಅವನ ಪಾಸ್‌ಬುಕ್ ನೋಡಿ ಅವರಿಗೆ ಗೊತ್ತಾಗೋದು ಬೇಡ.