ಸಹಾಯ ಬೇಕು: ಗೇರ್ ಹಾಕಿದ ಕೂಡಲೇ ಪದ್ಮಿನಿ ಕಾರು ಆಫ್ ಆಗುತ್ತದೆ

ಅಪ್ಪನ ಕಾಲದ 1985ರ ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್, ಸ್ಟೀರಿಂಗ್ ಪಕ್ಕದ ಗೇರ್. ಎರಡು ಮಳೆಗಾಲ ಶೆಡ್‌ನಲ್ಲೇ ನಿಂತಿತ್ತು. ಈಗ ಸ್ಟಾರ್ಟ್ ಆಗುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಹಾಕಿದರೆ ಕರಕರ ಅಂದು, ಮುಂದಕ್ಕೆ ಜಗ್ಗಿ ಆಫ್! ರಿವರ್ಸ್‌ನಲ್ಲೂ ಇದೇ ಕಥೆ.

ಮೆಕಾನಿಕ್ ಒಬ್ಬರು ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ತೊಳೆದು, ಐಡ್ಲಿಂಗ್ ಜಾಸ್ತಿ ಮಾಡಿ ಕೊಟ್ಟರು. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ಕಾರ್ಬುರೇಟರ್ ತಪ್ಪಾಗಿದ್ದರೆ ಗಾಡಿ ಹೀಗೆ ಜಗ್ಗಬಾರದು ಅಲ್ವಾ?

ಎಂಜಿನ್ ಆಫ್ ಇಟ್ಟು, ಗೇರ್ ಹಾಕಿ, ಕ್ಲಚ್ ಒತ್ತಿ ತಳ್ಳಿ ನೋಡಿದೆ. ಅಲ್ಲಾಡಲಿಲ್ಲ, ಅಂದರೆ ಕ್ಲಚ್ ಬಿಡುತ್ತಿಲ್ಲ. ನ್ಯೂಟ್ರಲ್‌ನಲ್ಲಿ ಸಲೀಸಾಗಿ ಉರುಳುತ್ತದೆ. ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ (ಎಂಜಿನ್ ಜೊತೆ ತಿರುಗುವ ಚಕ್ರ) ಅಂಟಿಕೊಂಡಿದೆಯಾ, ಇಲ್ಲಾ ಪೆಡಲ್ ಫ್ರೀ ಪ್ಲೇ (ಕ್ಲಚ್ ಕೆಲಸ ಶುರು ಮಾಡುವ ಮುಂಚೆ ಪೆಡಲ್ ಸಡಿಲವಾಗಿ ಇಳಿಯುವಷ್ಟು) ಜಾಸ್ತಿಯಾಗಿದೆಯಾ? ಗೇರ್‌ಬಾಕ್ಸ್ ಇಳಿಸದೆ ಬಿಡಿಸಿದವರು ಯಾರಾದರೂ ಇದ್ದರೆ ಹೇಗೆಂದು ಹೇಳಿ.