‘ಅವಧಿ’ ಎಂದರೆ ಎಷ್ಟು? ಶಾಲೆ ಕಡಿಮೆಯೆಂದರೆ ಇಷ್ಟು ನಡೆಯಬೇಕು ಎಂಬುದಕ್ಕೆ ಸರಿಯಾದ ಪದ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಒಂದು ಠರಾವಿನ ಕರಡು ಬರೆದುಕೊಡುವಾಗ ಎದುರಾದ ತೊಡಕನ್ನು ತಮ್ಮ ಮುಂದಿಡುತ್ತಿದ್ದೇನೆ. ಹೊಸನಗರ ತಾಲ್ಲೂಕಿನ ನಮ್ಮ ಕಡೆ ಆರಿದ್ರಾ ಮಳೆ ಹಿಡಿದಲ್ಲಿಂದ ಆಶ್ಲೇಷಾ ಮುಗಿಯುವ ತನಕ ಶಾಲೆಗೆ ಎಷ್ಟು ದಿನ ಮಳೆ ರಜೆ ಬೀಳುತ್ತದೆಂದು ಮೊದಲೇ ಹೇಳಲು ಯಾರಿಂದಲೂ ಆಗದು. ಎಷ್ಟೇ ರಜೆ ಬಂದರೂ ವರ್ಷದಲ್ಲಿ ಶಾಲೆ ಇಷ್ಟಕ್ಕಿಂತ ಕಡಿಮೆ ನಡೆಯಬಾರದು ಎಂದು ಠರಾವಿನಲ್ಲಿ ಹೇಳಬೇಕಿತ್ತು. ನಾನು ‘ಶಾಲಾ ವರ್ಷದ ಕನಿಷ್ಠ ಅವಧಿಯನ್ನು ಕಾಯ್ದುಕೊಳ್ಳತಕ್ಕದ್ದು’ ಎಂದು ಬರೆದೆ. ಸಭೆಯಲ್ಲಿ ಅದನ್ನು ಓದಿದಾಗ ಹಿಂದಿನ ಬೆಂಚಿನಲ್ಲಿ ಕೂತಿದ್ದ ತಾಯಿಯೊಬ್ಬರು, ‘ಅವಧಿ ಅಂದ್ರೆ ನಲವತ್ತು ನಿಮಿಷದ್ದಲ್ವಾ ಮಾಷ್ಟ್ರೇ, ವರ್ಷಕ್ಕೆ ಅಷ್ಟೇ ಸಾಕಾ?’ ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಅವರ ಎದುರಿನ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ‘ಮೊದಲನೇ ಅವಧಿ, ಎರಡನೇ ಅವಧಿ’ ಎಂದೇ ಬರೆದಿತ್ತು, ತಪ್ಪು ಅವರದ್ದಾಗಿರಲಿಲ್ಲ.

ಮನೆಗೆ ಬಂದು ಯೋಚಿಸಿದಾಗ ತೊಡಕು ಇನ್ನೂ ಆಳದ್ದೆನಿಸಿತು. ಸಂಸ್ಕೃತದಲ್ಲಿ ‘ಅವಧಿ’ ಎಂದರೆ ಎಲ್ಲೆ, ಮೇರೆ. ಕನ್ನಡದಲ್ಲಿ ಅದು ಒಂದು ಮೇರೆಯಿಂದ ಇನ್ನೊಂದು ಮೇರೆಯವರೆಗಿನ ಕಾಲವನ್ನು ಹೇಳುತ್ತದೆ: ಅಧಿಕಾರದ ಅವಧಿ, ಸಾಲದ ಅವಧಿ. ಆ ಅರ್ಥದಲ್ಲಿ ಶಾಲಾ ವರ್ಷದ ಅವಧಿಯು ಮೇ ಕೊನೆ ಅಥವಾ ಜೂನ್ ಮೊದಲಿಗೆ ಆರಂಭವಾಗಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮುಗಿಯುವಂಥದ್ದು, ಮತ್ತು ನಡುವೆ ಇಪ್ಪತ್ತು ದಿನ ಮಳೆ ರಜೆ ಕೊಟ್ಟರೂ ಅದು ಒಂದು ದಿನವೂ ಕುಗ್ಗುವುದಿಲ್ಲ. ಕುಗ್ಗುವುದು ಅದರ ಒಳಗಿನ ಹುರುಳು. ಹಾಗಿರುವಾಗ ‘ಕನಿಷ್ಠ ಅವಧಿ’ಯನ್ನು ನಿಗದಿಪಡಿಸಿದರೂ ನಮಗೆ ಬೇಕಾದದ್ದು ಅದರಿಂದ ಸಿಗುವುದಿಲ್ಲ.

ಕಾನೂನು ಇಲ್ಲಿ ನಮಗಿಂತ ಎಚ್ಚರದಿಂದ ಮಾತಾಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟನೇ ತರಗತಿಗೆ 220 ದಿನ ಎಂದು ಗೊತ್ತುಪಡಿಸಿ, ಅದರ ಜೊತೆಗೇ ಮೊದಲ ಗುಂಪಿಗೆ 800 ಹಾಗೂ ಎರಡನೆಯದಕ್ಕೆ 1,000 ಬೋಧನಾ ಗಂಟೆಗಳನ್ನು ಬೇರೆಯಾಗಿಯೇ ಹೇಳುತ್ತದೆ. ಅಂದರೆ ಒಂದೇ ಅಂಗಳದಲ್ಲಿ ಓದುವ, ಒಂದೇ ಕಾಲುಸಂಕ ದಾಟಿ ಬರುವ ಅಣ್ಣನಿಗೂ ತಂಗಿಗೂ ಕನಿಷ್ಠವು ಬೇರೆ ಬೇರೆ. ‘ಶಾಲಾ ವರ್ಷದ ಕನಿಷ್ಠ ಅವಧಿ’ ಎಂದು ಏಕವಚನದಲ್ಲಿ ಹೇಳುವಂಥದ್ದು ನಮ್ಮ ಶಾಲೆಯಲ್ಲಿ ಇಲ್ಲವೇ ಇಲ್ಲ.

ದಿನ ಮತ್ತು ಗಂಟೆಗಳ ಈ ಭೇದವು ಮಲೆನಾಡಿನವರಿಗೆ ಬರಿಯ ಪದದ ಮಾತಲ್ಲ. ಮಳೆ ರಜೆಯ ಆದೇಶಗಳಲ್ಲಿ ‘ಮುಂದಿನ ಶನಿವಾರಗಳಂದು ಪೂರ್ಣ ದಿನ ಶಾಲೆ ನಡೆಸಿ ಸರಿದೂಗಿಸುವುದು’ ಎಂಬಂಥ ಮಾತು ಬರುತ್ತದೆ. ಶನಿವಾರ ಹೇಗೂ ಬೆಳಗಿನ ಶಾಲೆ ಇರುತ್ತದೆ, ಅದನ್ನು ಒಂದು ದಿನವೆಂದು ಎಣಿಸಿಯೂ ಆಗಿರುತ್ತದೆ. ಮಧ್ಯಾಹ್ನಕ್ಕೂ ಎಳೆದರೆ ಗಂಟೆಗಳು ಕೂಡುತ್ತವೆಯೇ ಹೊರತು ದಿನ ಒಂದೂ ಕೂಡುವುದಿಲ್ಲ. ದಿನ ಕೂಡಬೇಕಾದರೆ ಭಾನುವಾರವನ್ನೋ ಬೇರೆ ರಜೆಯ ದಿನವನ್ನೋ ಹಿಡಿಯಬೇಕು. ‘ಸರಿದೂಗಿಸು’ ಎಂಬುದು ತಕ್ಕಡಿಯಿಂದ ಬಂದ ಮಾತು. ಅಡಕೆ ತೂಗುವವರ ನಡುವೆ ಬಾಳುವ ನಮಗೆ, ಒಂದು ತಟ್ಟೆಯಲ್ಲಿ ದಿನವಿಟ್ಟು ಇನ್ನೊಂದರಲ್ಲಿ ಗಂಟೆಯಿಟ್ಟು ತೂಗುವುದು ಸರಿಯೆಂದು ತೋರುವುದಿಲ್ಲ.

ಇನ್ನು ‘ದಿನ’ದ ಹಿಂದೆ ಏನಿರಬೇಕು ಎಂಬ ಪ್ರಶ್ನೆ. ಸುತ್ತೋಲೆಗಳಲ್ಲಿ ‘ಶಾಲಾ ಕರ್ತವ್ಯದ ದಿನ’ ಎಂದು ಬಳಕೆಯಿದೆ, ಕೆಲವರು ‘ಕೆಲಸದ ದಿನ’ ಎನ್ನುತ್ತಾರೆ. ಎರಡರಲ್ಲೂ ಕರ್ತವ್ಯ, ಕೆಲಸಗಳು ಶಿಕ್ಷಕರದ್ದು. ನಾನು ಸೇವೆಯಲ್ಲಿದ್ದಾಗ ಒಂದು ಜುಲೈ ತಿಂಗಳ ಬೆಳಿಗ್ಗೆ ರಜೆ ಘೋಷಣೆಯಾಗಿರಲಿಲ್ಲ. ಹಳ್ಳ ಏರಿ ಅಡಕೆ ದಬ್ಬೆಯ ಸಂಕ ಮುಳುಗಿತ್ತು. ಈಚೆ ದಡದ ಮೂರೋ ನಾಲ್ಕೋ ಮಕ್ಕಳು ಬಂದಿದ್ದರು. ಅವರ ಒದ್ದೆ ಬಟ್ಟೆಯನ್ನು ಅಡುಗೆಯವರ ಒಲೆಯ ಮುಂದೆ ಒಣಗಿಸಿ, ಕತೆ ಹೇಳಿ, ಊಟ ಬಡಿಸಿ ಕಳುಹಿಸಿದೆವು. ಅದು ಖಂಡಿತವಾಗಿ ಕರ್ತವ್ಯದ ದಿನ. ಪಾಠದ ದಿನವೆಂದು ನಾನು ಹೇಳಲಾರೆ. ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿಯ ದಿನಗಳದ್ದೂ ಇದೇ ಕತೆ.

ಆಡುಮಾತು ಈ ಗಂಟನ್ನು ಬಹಳ ಸಲೀಸಾಗಿ ಬಿಡಿಸಿಕೊಂಡಿದೆ. ಮಕ್ಕಳು ಬೆಳಿಗ್ಗೆ ಕೇಳುವುದು ‘ಇವತ್ತು ಶಾಲೆ ಇದ್ಯಾ?’ ಎಂದು. ಇಲ್ಲಿ ಶಾಲೆ ಎಂದರೆ ಕಟ್ಟಡವಲ್ಲ, ಕಲಿಸುವ ಕಲಿಯುವ ನಡೆ. ‘ಶಾಲೆ ಬಿಟ್ಟಿತು’ ಎಂದರೆ ಆ ದಿನದ ಪಾಠ ಮುಗಿಯಿತು, ‘ಹುಡುಗ ಶಾಲೆ ಬಿಟ್ಟ’ ಎಂದರೆ ಓದೇ ಮುಗಿಯಿತು. ಅದಕ್ಕಾಗಿ ‘ಶಾಲೆ ನಡೆದ ದಿನ’ ಎಂಬುದನ್ನೇ ಠರಾವಿಗೆ ತಂದರೆ ಹೇಗೆ ಎಂದು ನನಗನ್ನಿಸಿದೆ.

‘ಕನಿಷ್ಠ’ದ ಬಗ್ಗೆಯೂ ಒಂದು ಸಣ್ಣ ಅಳುಕಿದೆ. ‘ಕನಿಷ್ಠ 200 ದಿನ’ ಎಂಬಲ್ಲಿ ಅರ್ಥ ತಪ್ಪುವುದಿಲ್ಲ, ಆದರೆ ‘ಕನಿಷ್ಠ ದಿನಗಳನ್ನು ನಡೆಸತಕ್ಕದ್ದು’ ಎಂದು ಬರೆದರೆ ಆದಷ್ಟು ಕಡಿಮೆ ನಡೆಸಿ ಎಂದು ಆಜ್ಞೆ ಮಾಡಿದಂತೆ ಕೇಳುತ್ತದೆ. ಸದ್ಯಕ್ಕೆ ನನ್ನ ಕರಡು ಹೀಗಿದೆ: ‘ಐದನೇ ತರಗತಿಯವರೆಗೆ 200 ದಿನಕ್ಕೂ, ಅದರ ಮೇಲಿನ ತರಗತಿಗಳಿಗೆ 220 ದಿನಕ್ಕೂ ಕಡಿಮೆಯಾಗದಂತೆ ಶಾಲೆ ನಡೆಸತಕ್ಕದ್ದು; ಮಳೆ ರಜೆಯ ದಿನಕ್ಕೆ ದಿನವನ್ನೇ ತುಂಬಿಕೊಡತಕ್ಕದ್ದು.’

ತಿಳಿದವರಲ್ಲಿ ನನ್ನ ಕೇಳಿಕೆಗಳು ಎರಡು. ‘ಶಾಲೆ ನಡೆದ ದಿನ’ ಎಂಬುದು ಕಚೇರಿಯ ಬರಹದಲ್ಲಿ ನಿಲ್ಲಬಲ್ಲದೇ, ಅಥವಾ ‘ಪಾಠದ ದಿನ’ವೇ ಮೇಲೇ? ‘ತುಂಬಿಕೊಡು’ ಎಂಬುದು ನಷ್ಟ ತುಂಬಿಕೊಡುವ ಅರ್ಥಕ್ಕೇ ಎಳೆಯುತ್ತದೆಂದು ನನ್ನ ಮನೆಯವರ ಆಕ್ಷೇಪವಿದೆ. ಕರಾವಳಿ ಮತ್ತು ಬಯಲುಸೀಮೆಯ ಕಡೆ ಇದಕ್ಕೆ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ. ಸಭೆ ಮತ್ತೆ ಬರುವ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ ಇದೆ.